ಕರಾವಳಿಯ ಮಕ್ಕಳಿಗೆ ಕೊಪ್ಪಳದಿಂದ ಬಂದ ತೋಳ

ಉಡುಪಿ ಜಿಲ್ಲೆಯಲ್ಲಿ ತೋಳ ಇಲ್ಲ. ದಕ್ಷಿಣ ಕನ್ನಡದಲ್ಲೂ ಇಲ್ಲ. ಆದರೂ ತೋಳದ ಬಗ್ಗೆ ಒಂದು ಪುಟ ಬರೆಯಿರಿ ಎಂದರೆ ನಮ್ಮ ಎಂಟನೇ ಕ್ಲಾಸಿನ ಮಕ್ಕಳು ಯಾರೂ ಪೆನ್ನು ಕಚ್ಚುತ್ತಾ ಕೂರುವುದಿಲ್ಲ. ಚಕಚಕ ಬರೆಯುತ್ತಾರೆ. ಅದರಲ್ಲಿ ಹಿಮ ಇರುತ್ತದೆ, ಹುಣ್ಣಿಮೆ ಇರುತ್ತದೆ, ದೊಡ್ಡ ಹಿಂಡು ಇರುತ್ತದೆ. ಕ್ರೂರ ಎಂಬ ಮಾತು ಎರಡು ಸಲವಾದರೂ ಬಂದಿರುತ್ತದೆ. ಇಲ್ಲಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದಲ್ಲಿ, ಕೊಪ್ಪಳದ ಬಿಸಿಲಿನಲ್ಲಿ, ಕುರುಚಲು ಗಿಡಗಳ ನಡುವೆ ತೋಳ ಓಡಾಡಿಕೊಂಡಿದೆ ಎಂಬ ಒಂದು ಸಾಲು ಮಾತ್ರ ಯಾರ ಪುಟದಲ್ಲೂ ಸಿಗುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಇಕೋ ಕ್ಲಬ್ಬನ್ನೂ ನೋಡಿಕೊಳ್ಳುತ್ತೇನೆ. ಕೆಲವು ವರ್ಷಗಳಿಂದ ನಮ್ಮ ಮಕ್ಕಳು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿ ಶಾಲೆಯ ಮಕ್ಕಳಿಗೆ ಕಾಗದ ಬರೆಯುತ್ತಿದ್ದಾರೆ. ಅವರು ಉತ್ತರ ಬರೆಯುತ್ತಾರೆ. ಇದನ್ನು ಹೇಗೆ ನಡೆಸುತ್ತೀರಿ, ಪಾಠದ ಹೊರೆಯ ನಡುವೆ ಇದೆಲ್ಲ ಬೇಕಾ ಎಂದು ಬೇರೆ ಶಾಲೆಯ ಶಿಕ್ಷಕರು ಕೇಳುತ್ತಿರುತ್ತಾರೆ. ಬೇಕು ಎಂದೇ ನನ್ನ ಉತ್ತರ. ಯಾಕೆ ಅಂತ ಇಲ್ಲಿ ಬರೆಯುತ್ತೇನೆ.

ಗಂಗಾವತಿಯೇ ಯಾಕೆ ಎಂದರೆ ಆ ತಾಲ್ಲೂಕಿನಲ್ಲಿ ಬಂಕಾಪುರ ಇದೆ. ಸುಮಾರು 332 ಹೆಕ್ಟೇರಿನ ಬಂಕಾಪುರ ತೋಳಧಾಮ ಕರ್ನಾಟಕದಲ್ಲಿ ಆ ಹೆಸರಿನ ಮೊದಲನೆಯದು. ದೇಶದಲ್ಲಿ ಇದಕ್ಕೂ ಮುಂಚೆ ಇದ್ದದ್ದು ಜಾರ್ಖಂಡಿನ ಮಹುಆಡಾಂಡ್ ಒಂದೇ, ಅದು 1976ರದ್ದು. ಬಂಕಾಪುರದಲ್ಲಿ ದಟ್ಟ ಕಾಡಿಲ್ಲ. ಕಲ್ಲುಗುಡ್ಡ, ಹುಲ್ಲು, ಮುಳ್ಳುಪೊದೆ, ಕಲ್ಲಿನ ಸಂದಿಗಳು. 2025ರಲ್ಲಿ ಅಲ್ಲಿ ತೋಳವೊಂದು ಎಂಟು ಮರಿ ಹಾಕಿದ ಸುದ್ದಿ ಪೇಪರಿನಲ್ಲಿ ಬಂದಾಗ ನಮ್ಮ ಮಕ್ಕಳಿಗೆ ಆದ ಸಂಭ್ರಮ ಅಷ್ಟಿಷ್ಟಲ್ಲ. ಪರಿಚಯದವರ ಮನೆಯಲ್ಲಿ ಬಾಣಂತನ ಆದಷ್ಟು ಖುಷಿ.

ಕಾಗದ ಬರೆಯುವ ಮೊದಲು ಮಕ್ಕಳಿಗೆ ಒಂದೇ ಒಂದು ನಿಯಮ ಹೇಳುತ್ತೇನೆ. ನೋಟ್‌ಬುಕ್ಕಿನ ಹಾಳೆಯಲ್ಲಿ ಮೂರು ಕಾಲಂ ಹಾಕಬೇಕು. ಕಂಡದ್ದು, ಕೇಳಿದ್ದು, ಅಂದಾಜು. ಬರೆಯುವ ಪ್ರತಿ ಸಂಗತಿಯೂ ಯಾವ ಕಾಲಮ್ಮಿಗೆ ಸೇರುತ್ತದೆ ಎಂದು ಮೊದಲು ನೋಡಬೇಕು. ಇಡೀ ಕಾರ್ಯಕ್ರಮದ ಜೀವ ಇರುವುದು ಇದರಲ್ಲೇ. ಉಳಿದದ್ದೆಲ್ಲ ಅಂಚೆಚೀಟಿ, ಲಕೋಟೆಯ ವ್ಯವಸ್ಥೆ.

ನಮ್ಮ ಮಕ್ಕಳ ತೋಳದ ಪುಟವನ್ನು ಹೀಗೆ ಬಿಡಿಸಿದರೆ ಕಂಡದ್ದು ಎಂಬ ಕಾಲಂ ಪೂರ್ತಿ ಖಾಲಿ ಉಳಿಯುತ್ತದೆ. ಕೇಳಿದ್ದು ಮಾತ್ರ ತುಂಬಿ ತುಳುಕುತ್ತದೆ. ಹುಡುಗರು ಆ ಖಾಲಿ ಕಾಲಂ ನೋಡಿ ಸುಮ್ಮನಾಗುತ್ತಾರೆ. ಆಮೇಲೆ ಯಾರಾದರೂ ಒಬ್ಬರು, 'ಸರ್, ಹಾಗಾದ್ರೆ ಅವರಲ್ಲೇ ಕೇಳುವಾ ಅಲ್ವಾ?' ಅನ್ನುತ್ತಾರೆ. ಅಲ್ಲಿಂದ ಕೆಲಸ ಶುರು.

ನಮ್ಮಲ್ಲಿಂದ ಹೋದ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು: 'ಜೋರು ಮಳೆ ಬರುವಾಗ ತೋಳ ಎಲ್ಲಿ ನಿಲ್ಲುತ್ತದೆ?' ಕರಾವಳಿಯ ಮಗು ಮಾತ್ರ ಕೇಳಬಹುದಾದ ಪ್ರಶ್ನೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಕೊಪ್ಪಳದಲ್ಲಿ 600ರ ಆಸುಪಾಸು. ನಮ್ಮಲ್ಲಿ ಜುಲೈ ತಿಂಗಳೊಂದರಲ್ಲೇ ಅವರ ಇಡೀ ವರ್ಷದ್ದಕ್ಕಿಂತ ಹೆಚ್ಚು ಸುರಿಯುತ್ತದೆ. ಗಂಗಾವತಿಯ ಹುಡುಗಿಯೊಬ್ಬಳು ಉತ್ತರ ಬರೆದಳು: 'ನಮ್ಮ ಕಡಿ ಅಷ್ಟು ಮಳಿ ಬರಂಗಿಲ್ಲ. ಬಂದ್ರ ನಾವ ಕುಣೀತೀವಿ. ತ್ವಾಳ ಗಿಡದ ಬುಡಕ ಮಕ್ಕೊಂಡಿರ್ತಾವಂತ ನಮ್ಮಜ್ಜ ಹೇಳ್ಯಾನ. ನಾ ನೋಡಿಲ್ಲ.'

ಕೊನೆಯ ಆ ಎರಡು ಪದ ನೋಡಿ. ನಾ ನೋಡಿಲ್ಲ. ಅಜ್ಜ ಹೇಳಿದ್ದನ್ನು ಅಜ್ಜನ ಹೆಸರಿನಲ್ಲೇ ಬರೆದು, ತನ್ನದನ್ನು ತಾನು ಬೇರೆ ಇಟ್ಟಿದ್ದಾಳೆ. ಹೈಸ್ಕೂಲಿನ ವಿಜ್ಞಾನದಲ್ಲಿ ಇದಕ್ಕಿಂತ ದೊಡ್ಡ ಪಾಠ ನಾನು ಕಲಿಸಲಾರೆ.

ಅವಳ ಅಜ್ಜ ಕುರಿ ಕಾಯುವವರು. ಆ ಕಡೆ ಕುರಿಗಾಹಿಗಳು ಹಿಂಡು ಕಟ್ಟಿಕೊಂಡು ತಿಂಗಳುಗಟ್ಟಲೆ ಊರೂರು ತಿರುಗುತ್ತಾರೆ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಕುರಿಯವರಿಗೆ ಕಾಳು ಅಥವಾ ಕಾಸು. ಹಿಂಡಿನ ಹಿಂದೆಯೇ ತೋಳವೂ ಇರುತ್ತದೆ. ಒಮ್ಮೆ ಹಟ್ಟಿಯಲ್ಲಿ ಕುರಿಮರಿ ಸತ್ತಾಗ ಎಲ್ಲರೂ ತೋಳ ಎಂದು ಕೂಗಿದರಂತೆ. ಅಜ್ಜ ಮಾತ್ರ ಮೊದಲು ಕಚ್ಚಿದ ಗುರುತು ಎಲ್ಲಿದೆ ಎಂದು ನೋಡಿದರಂತೆ. ತೋಳ ಸಾಮಾನ್ಯವಾಗಿ ಕುತ್ತಿಗೆಗೆ ಬಾಯಿ ಹಾಕುತ್ತದೆ. ತೊಡೆ, ಬಾಲ, ಹೊಟ್ಟೆ ಎಂದು ಸಿಕ್ಕಸಿಕ್ಕಲ್ಲಿ ಹರಿದಿದ್ದರೆ ನಾಯಿಗಳ ಕೆಲಸ ಇರಬಹುದು. ಆ ಮರಿಯ ಹಿಂಗಾಲು ಹರಿದಿತ್ತು ಎಂದು ಬರೆದಿದ್ದಳು. ಈ ಕಾಗದ ಓದಿದ ಮೇಲೆ ನಮ್ಮ ಮಕ್ಕಳ ಬಾಯಲ್ಲಿ ಕ್ರೂರ ಎಂಬ ಮಾತು ಬಹಳ ಕಡಿಮೆಯಾಯಿತು. ನಾನೇನೂ ಉಪದೇಶ ಮಾಡಿರಲಿಲ್ಲ.

ಕಾಗದಗಳ ಜೊತೆಗೆ ನಾನು ಕ್ಲಾಸಿನಲ್ಲಿ ಸೇರಿಸುವ ವಿಷಯ ಸ್ವಲ್ಪವೇ. ನಮ್ಮ ತೋಳ ಹಿಮದ ನಾಡಿನ ತೋಳಕ್ಕಿಂತ ಸಣ್ಣದು, ತೆಳ್ಳಗಿನದು, ಕೂದಲು ಗಿಡ್ಡ. ತೂಕ ಹೆಚ್ಚುಕಡಿಮೆ 20 ಕೆಜಿ. ಹಿಂಡೂ ಸಣ್ಣದು, ಹೆಚ್ಚಾಗಿ ಅಪ್ಪ ಅಮ್ಮ ಮಕ್ಕಳ ಒಂದು ಸಂಸಾರ. ಹೆಣ್ಣು ಸುಮಾರು ಎರಡು ತಿಂಗಳು ಗಬ್ಬ ಹೊತ್ತು, ಹೆಚ್ಚಾಗಿ ಚಳಿಗಾಲದಲ್ಲಿ ಮರಿ ಹಾಕುತ್ತದೆ. ಬೇಟೆಗೆ ಹೋದವರು ಮಾಂಸವನ್ನು ಹೊಟ್ಟೆಯಲ್ಲಿ ತಂದು ಮರಿಗಳ ಮುಂದೆ ಕಕ್ಕುತ್ತಾರೆ. ಇದನ್ನು ಹೇಳಿದಾಗ ಹುಡುಗಿಯರು ಮುಖ ಸಿಂಡರಿಸುತ್ತಾರೆ, ಹುಡುಗರು ಇನ್ನೊಮ್ಮೆ ಹೇಳಿ ಅನ್ನುತ್ತಾರೆ. ಇಡೀ ದೇಶದಲ್ಲಿ ಉಳಿದಿರುವ ತೋಳ ಎರಡು–ಮೂರು ಸಾವಿರದ ಅಂದಾಜು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಗೆ ಇರುವ ಮೊದಲ ಶೆಡ್ಯೂಲಿನ ರಕ್ಷಣೆಯೇ ತೋಳಕ್ಕೂ ಇದೆ. ಆದರೆ ಅದು ಬದುಕುವ ಹುಲ್ಲುಗಾವಲಿಗೆ ಆ ಅದೃಷ್ಟ ಇಲ್ಲ. ಸರ್ಕಾರಿ ದಾಖಲೆಯಲ್ಲಿ ಅಂಥ ಎಷ್ಟೋ ಜಾಗ ಬಂಜರು ಎಂದೇ ಇದೆ. ಬಂಜರು ಅಂದಮೇಲೆ ಕಾರ್ಖಾನೆಗೂ ಕೊಡಬಹುದು, ಸೋಲಾರ್ ಪಾರ್ಕಿಗೂ ಕೊಡಬಹುದು. ಇದು ನನಗೆ ನಿಜವಾಗಿ ಸಂಕಟ ತರುವ ವಿಷಯ.

ನಮ್ಮಲ್ಲಿ ಯಾಕೆ ತೋಳ ಇಲ್ಲ ಎಂಬುದನ್ನು ಮಕ್ಕಳೇ ಹುಡುಕಲಿ ಎಂದು ಬಿಡುತ್ತೇನೆ. ಹೆಬ್ರಿ ಕಡೆಯಿಂದ ಬರುವ ಮಕ್ಕಳಿಗೆ ಸೋಮೇಶ್ವರ ಅಭಯಾರಣ್ಯ ಮನೆ ಹಿತ್ತಲಿದ್ದ ಹಾಗೆ. ಕಾಡಿನಲ್ಲಿ ಗುಂಪಾಗಿ ಬೇಟೆಯಾಡುವ ಸೀಳುನಾಯಿ ಗೊತ್ತು. ಸಂಜೆ ಗುಡ್ಡೆಯಲ್ಲಿ ಕೂಗುವ ಕುದ್ಕೆ, ಅಂದರೆ ನರಿ, ಎಲ್ಲರಿಗೂ ಗೊತ್ತು. ತೋಳಕ್ಕೆ ಬೇಕಾದದ್ದು ಬಯಲು. ದೂರದವರೆಗೆ ಕಾಣಬೇಕು, ಓಡಲು ಜಾಗ ಬೇಕು. ಮ್ಯಾಪಿನಲ್ಲಿ ಮಳೆಯ ಅಂಕಿ ಬರೆದು ನೋಡಿದರೆ ಉತ್ತರ ತಾನಾಗಿ ಬರುತ್ತದೆ. ತೋಳ ಇರುವ ರಾಣೆಬೆನ್ನೂರು, ಗದಗದ ಕಪ್ಪತಗುಡ್ಡ, ಮೇಲುಕೋಟೆ ಎಲ್ಲವೂ ಘಟ್ಟದ ಆಚೆ, ಮಳೆ ಕಡಿಮೆ ಇರುವ ಊರುಗಳು.

ಆ ಕಡೆಯಿಂದ ನಮಗೆ ಬಂದ ಪ್ರಶ್ನೆಗಳೂ ಕಡಿಮೆಯಿಲ್ಲ. 'ಸಮುದ್ರದ ನೀರು ಉಪ್ಪು ಅಂತೀರಿ, ಮತ್ತ ಮೀನ ಯಾಕ ಉಪ್ಪಾಗಿರಂಗಿಲ್ಲ?' ದಿನಾ ಬಂಗುಡೆ, ಬೂತಾಯಿ ತಿನ್ನುವ ನಮ್ಮ ಮಕ್ಕಳಿಗೆ ಹುಟ್ಟಿದಾಗಿನಿಂದ ಈ ಪ್ರಶ್ನೆ ಬಂದಿರಲಿಲ್ಲ. ಸಾರಿಗೆ ಉಪ್ಪು ಹಾಕುವುದು ಅಮ್ಮ ಅಲ್ವಾ! ಮಲ್ಪೆಯ ಹುಡುಗನೊಬ್ಬ ಅಪ್ಪನನ್ನು ಕೇಳಿ ಬಂದ, ಬೋಟ್ ನಡೆಸುವ ತಾಂಡೇಲರನ್ನೂ ಕೇಳಿ ಬಂದ. ಯಾರಲ್ಲೂ ಉತ್ತರವಿಲ್ಲ. ಆಮೇಲೆ ಒಂದು ಇಡೀ ಪೀರಿಯಡ್ ಕಿವಿರಿನ ಪಾಠವಾಯಿತು. ಕಡಲಿನ ಮೀನು ಉಪ್ಪುನೀರನ್ನೇ ಕುಡಿಯುತ್ತದೆ, ಹೆಚ್ಚಾದ ಉಪ್ಪನ್ನು ಕಿವಿರಿನಲ್ಲಿರುವ ವಿಶೇಷ ಜೀವಕೋಶಗಳ ಮೂಲಕ ಹೊರಗೆ ತಳ್ಳುತ್ತದೆ. ಒಂದಿಷ್ಟು ಮೂತ್ರದಲ್ಲೂ ಹೋಗುತ್ತದೆ. ಹುಡುಗರು ಬಂಗುಡೆಯ ಕಿವಿರನ್ನು ಲೆನ್ಸ್ ಹಿಡಿದು ನೋಡಿ, ಚಿತ್ರ ಬರೆದು ಕಳಿಸಿದರು. ಪಠ್ಯಪುಸ್ತಕದಲ್ಲಿ ಕಿವಿರು ಎಷ್ಟು ಸಲ ಬಂದಿಲ್ಲ? ಆದರೆ ಗಂಗಾವತಿಯ ಗೆಳೆಯನಿಗೆ ಹೇಳಬೇಕು ಎಂದಾಗ ಮಾತ್ರ ಅದು ಅವರ ಪಾಠವಾಯಿತು.

ಇನ್ನೊಂದು ಪ್ರಶ್ನೆ ಬಾವಿಗೆ ಬಿದ್ದ ಚಿರತೆಯದು. ನಮ್ಮ ಜಿಲ್ಲೆಯಲ್ಲಿ ಕೋಳಿಯನ್ನೋ ನಾಯಿಯನ್ನೋ ಅಟ್ಟಿಸಿಕೊಂಡು ಬಂದ ಚಿರತೆ ರಾತ್ರಿ ಹಿತ್ತಲಿನ ಬಾವಿಗೆ ಬೀಳುವುದು ಹೊಸ ಸುದ್ದಿ ಏನಲ್ಲ. ಅದನ್ನು ಮೇಲೆ ತರುವುದು ಹೇಗೆ ಎಂದು ಕೇಳಿದ್ದರು. ನಮ್ಮ ಹುಡುಗಿ ಪಕ್ಕದ ಮನೆಯಲ್ಲಿ ಕಂಡದ್ದನ್ನೇ ಬರೆದಳು. ಅರಣ್ಯ ಇಲಾಖೆಯವರು ಬೋನು ಇಳಿಸಿದ್ದು, ಜನ ಗಲಾಟೆ ಮಾಡಿದಷ್ಟೂ ಚಿರತೆ ಬೋನಿನ ಹತ್ತಿರ ಬಾರದೆ ಹೋದದ್ದು, ಕಡೆಗೆ ಎಲ್ಲರನ್ನೂ ದೂರ ಕಳಿಸಿದ ಮೇಲೆ ತಾನಾಗಿ ಒಳಗೆ ಹೋದದ್ದು. ಕಂಡದ್ದು ಎಂಬ ಕಾಲಂ ಅವತ್ತು ಭರ್ತಿ.

ಕಷ್ಟದ ಪ್ರಶ್ನೆಗಳೂ ಬರುತ್ತವೆ. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ತೋಳದ ದಾಳಿಗೆ ಹಲವು ಮಕ್ಕಳು ಸತ್ತರು. ಟಿವಿಯಲ್ಲಿ ನೋಡಿದ ನಮ್ಮ ಮಕ್ಕಳು ಕೇಳಿದರು, 'ಸರ್, ತೋಳ ಮಕ್ಕಳನ್ನು ತಿನ್ನುತ್ತದಾ?' ಇಲ್ಲ ಎಂದು ಹೇಳಿ ತೇಲಿಸಬಾರದು. ಅಂಥದ್ದು ನಡೆದಿದೆ, ಆದರೆ ಅಪರೂಪ ಎಂದು ನೇರವಾಗಿ ಹೇಳಬೇಕು. ಬಾಗಿಲು ಭದ್ರವಿಲ್ಲದ ಮನೆಗಳಲ್ಲಿ, ಹೊರಗೆ ಮಲಗಿದ್ದ ಬಡವರ ಮಕ್ಕಳಿಗೆ ಆದ ಅನಾಹುತ ಅದು. ಅಲ್ಲಿ ಸತ್ತ ಮಗುವಿನ ತಾಯಿಗೆ ಅಪರೂಪ ಎಂಬ ಮಾತಿನಿಂದ ಏನೂ ಸಮಾಧಾನವಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳುತ್ತೇನೆ. ಪ್ರಾಣಿಪ್ರೀತಿ ಕಲಿಸುವ ಭರದಲ್ಲಿ ಭಯಪಡುವ ಮನುಷ್ಯರನ್ನು ದಡ್ಡರು ಎಂದು ತೋರಿಸುವುದು ನನಗೆ ಒಪ್ಪಿಗೆಯಿಲ್ಲ. ಕುರಿ ಕಳೆದುಕೊಂಡ ಮನೆಯ ಮಗುವೂ ಅದೇ ಪತ್ರಗಳನ್ನು ಓದುತ್ತಿರುತ್ತದೆ.

ಶುರು ಮಾಡುವವರು ಕೆಲವು ವಿಷಯ ಗಮನದಲ್ಲಿಡಬೇಕು. ಪತ್ರ ಶಾಲೆಯಿಂದ ಶಾಲೆಗೆ ಹೋಗಲಿ, ಮಕ್ಕಳ ಮನೆ ವಿಳಾಸ, ಫೋನ್ ನಂಬರ್ ಬೇಡ. ತೋಳ ಮರಿ ಹಾಕಿದ ಗವಿ ಎಲ್ಲಿದೆ ಎಂದು ಯಾವ ಪತ್ರದಲ್ಲೂ ಇರಬಾರದು. ಫೋಟೊ ತೆಗೆಯುವ ಹುಚ್ಚಿನವರು ಮರಿಗಳ ಹತ್ತಿರ ಹೋದರೆ ತಾಯಿ ಜಾಗ ಬದಲಾಯಿಸುತ್ತದೆ. ನಮ್ಮ ಕಡೆ ಕಡಲಾಮೆ ಮೊಟ್ಟೆ ಇಟ್ಟ ಜಾಗಕ್ಕೂ ಇದೇ ನಿಯಮ. ಕೋಡಿ ಸಮುದ್ರ ತೀರದಲ್ಲಿ ಆಮೆ ಬಂದಿತ್ತು ಎಂದು ಬರೆಯಲಿ, ಯಾವ ಮನೆಯ ಎದುರು ಎಂದು ಬೇಡ. ಮಕ್ಕಳ ಕನ್ನಡವನ್ನು ತಿದ್ದಲು ಹೋಗಬೇಡಿ. ಗಂಗಾವತಿಯ 'ಐತಿ'ಯನ್ನು 'ಇದೆ' ಮಾಡಿದರೆ, ನಮ್ಮವರ 'ಉಂಟು' ತೆಗೆದುಹಾಕಿದರೆ ಪತ್ರದಲ್ಲಿ ಮಗು ಉಳಿಯುವುದಿಲ್ಲ. ಕಾಗುಣಿತ ತಪ್ಪಿದ್ದರೆ ಅದನ್ನು ಸರಿಮಾಡಿ, ಅಷ್ಟು ಸಾಕು.

ವಾಟ್ಸಾಪಿನಲ್ಲೇ ಮಾಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ವಿಡಿಯೊ ಕಾಲ್ ನಾವೂ ಮಾಡುತ್ತೇವೆ, ಆದರೆ ವರ್ಷದ ಕೊನೆಗೆ. ಮೊದಲೇ ಮಾಡಿದರೆ ಹಾಯ್, ಹೆಸರೇನು, ಊಟ ಆಯ್ತಾ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕಾಗದಕ್ಕೆ ಉತ್ತರ ಬರಲು ಹತ್ತು ಹದಿನೈದು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಮಗು ಇನ್ನೂ ಎರಡು ಸಂಗತಿ ನೋಡಿರುತ್ತದೆ.

ಮೊದಲ ಪತ್ರಕ್ಕೆ ಜೂನ್ ಕೊನೆ ಒಳ್ಳೆಯ ಸಮಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳು ಬಂದರಿನಲ್ಲೇ ಇರುತ್ತವೆ. ಅಪ್ಪಂದಿರು ಮನೆಯಲ್ಲಿದ್ದು ಬಲೆ ಸರಿಮಾಡುತ್ತಿರುತ್ತಾರೆ, ಕೇಳಿದರೆ ಹೇಳಲು ಪುರುಸೊತ್ತು ಇರುತ್ತದೆ. ತೋಳದ ಪ್ರಶ್ನೆಗಳನ್ನು ಡಿಸೆಂಬರಿಗೆ ಇಟ್ಟುಕೊಳ್ಳಿ. ಆಗ ಅಲ್ಲಿ ಸುಗ್ಗಿ ಹತ್ತಿರ, ಕುರಿಹಿಂಡುಗಳು ಹೊಲಕ್ಕೆ ಇಳಿಯುವ ಕಾಲ. ಹೇಳಲು ಆ ಮಕ್ಕಳ ಹತ್ತಿರ ಹೊಸ ಸುದ್ದಿ ಇರುತ್ತದೆ.