ಲಿಂಬೆಯ ರಂಗೋಲಿ, ಕಾಂಡ್ಲಾದ ಗೀಟು

ಉಡುಪಿ ಕಡೆ ಹಿತ್ತಲಲ್ಲಿ ಲಿಂಬೆ ಗಿಡ ಇಟ್ಟವರಿಗೆಲ್ಲ ರಂಗೋಲಿ ಹುಳು ಗೊತ್ತು. ಚಿಗುರೆಲೆ ಮೇಲೆ ಬೆಳ್ಳಿ ಬಣ್ಣದ ಅಂಕುಡೊಂಕು ಗೆರೆ. ಬೆಳಕಿಗೆ ಹಿಡಿದರೆ ಗೆರೆಯ ನಡುವೆ ಸಪೂರ ಕಪ್ಪು ಎಳೆ ಕಾಣುತ್ತದೆ. ಅದು ಹುಳದ ಹಿಕ್ಕೆ. ಎಲೆಯ ಸಿಪ್ಪೆಯೊಳಗೇ ತಿಂದು ಬೆಳೆದು, ಕೊನೆಗೆ ಎಲೆಯಂಚು ಮಡಚಿಕೊಂಡು ಕೋಶವಾಗುತ್ತದೆ. ಹೊರಬರುವ ಪತಂಗ ಸೊಳ್ಳೆಗಿಂತ ಚಿಕ್ಕದು.

ಇದಕ್ಕೆ ಹೆಸರು ಬಿದ್ದದ್ದು 1856ರಲ್ಲಿ. ಕಲ್ಕತ್ತೆಯಿಂದ ಹೋದ ಪತಂಗ ನೋಡಿ ಇಂಗ್ಲೆಂಡಿನ ಹೆನ್ರಿ ಸ್ಟೇಂಟನ್ ಫಿಲ್ಲೊಕ್ನಿಸ್ಟಿಸ್ ಸಿಟ್ರೆಲ್ಲಾ ಎಂದು ಕರೆದ. ಅದಕ್ಕೆ ಐದು ವರ್ಷ ಮೊದಲು, 1851ರಲ್ಲಿ, ಅವನೇ ಇನ್ನೊಂದು ಪತಂಗಕ್ಕೆ ಬುಕ್ಯುಲಾಟ್ರಿಕ್ಸ್ ಮಾರಿಟಿಮಾ ಎಂದು ಹೆಸರಿಟ್ಟಿದ್ದ. ಅದು ಉಪ್ಪು ಜೌಗಿನದು. ಅಲ್ಲಿನ ಸೀ ಆಸ್ಟರ್, ನಮ್ಮ ಸೇವಂತಿಗೆಯ ನೆಂಟ, ಅದರ ಮನೆಯೂ ಹೌದು ಊಟವೂ ಹೌದು. ಮರಿ ಮೊದಲು ಎಲೆಯೊಳಗೆ ಸುರಂಗ ಕೊರೆಯುತ್ತದೆ, ದೊಡ್ಡದಾದ ಮೇಲೆ ಹೊರಗೆ ಬಂದು ಮೇಯುತ್ತದೆ. ಆಮೇಲೆ ಉದ್ದುದ್ದ ಗೀರಿರುವ ಗೂಡು ನೇಯುತ್ತದೆ.

ನಮ್ಮ ಕರಾವಳಿಯ ಸಣ್ಣ ಪತಂಗಗಳಿಗೆ ಹೆಸರು ಸಿಕ್ಕಿದ್ದು ಬೇರೆ ದಾರಿಯಲ್ಲಿ. 20ನೇ ಶತಮಾನದ ಮೊದಲ ದಶಕಗಳಲ್ಲಿ ಕಾರವಾರದಿಂದ ಒಣಗಿದ ಪತಂಗಗಳು ಇಂಗ್ಲೆಂಡಿಗೆ ಹೋಗುತ್ತಿದ್ದವು. ಶಾಲಾ ಮೇಷ್ಟ್ರು ಎಡ್ವರ್ಡ್ ಮೇರಿಕ್ ಅಲ್ಲಿಂದಲೇ ಹೆಸರು ಕೊಡುತ್ತಿದ್ದ. ರೆಕ್ಕೆಯ ವಿವರ ಚೆನ್ನಾಗಿರುತ್ತಿತ್ತು. ಆದರೆ ಮರಿ ಯಾವ ಗಿಡ ತಿಂದಿತ್ತು ಅಂತ ಸತ್ತ ಪತಂಗ ಹೇಳುತ್ತದಾ?

ಲಿಂಬೆಯದ್ದನ್ನು ಮಾತ್ರ ಜನ ಬಿಡಲಿಲ್ಲ. ದುಡ್ಡಿನ ಬೆಳೆ, ಅಲ್ವಾ. ಅದು ಕೊರೆದ ಗಾಯದಲ್ಲಿ ಕಜ್ಜಿ ರೋಗ ಸುಲಭವಾಗಿ ನುಗ್ಗುತ್ತದೆ. 1993ರಲ್ಲಿ ಹುಳು ಫ್ಲೋರಿಡಾ ತಲುಪಿದಾಗಂತೂ ದೊಡ್ಡ ಗಲಾಟೆಯಾಯಿತು. ಹಿನ್ನೀರಿನ ಉಪ್ಪು ಕೆಸರಲ್ಲಿ ಬೆಳೆಯುವ ಕಾಂಡ್ಲಾದ ಎಲೆ ತಿಂದರೆ ಯಾರು ಕೇಳುತ್ತಾರೆ? ಕಾಂಡ್ಲಾವನ್ನೇ ಸೌದೆಗೆ ಕಡಿಯುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ಅದಕ್ಕೆ ರಕ್ಷಣೆ ಕೊಟ್ಟ ಕರಾವಳಿ ನಿಯಂತ್ರಣ ವಲಯದ ನಿಯಮ ಬಂದದ್ದೇ 1991ರಲ್ಲಿ.

ಸ್ವರ್ಣಾ, ಸೀತಾ ಎರಡೂ ಕಡಲು ಸೇರುವ ಕೋಡಿಬೆಂಗ್ರೆ ಕಡೆ ಹೋದಾಗ ನಾನು ಸುಮ್ನೆ ಉಪ್ಪಟಿ ಎಂಬ ಕಾಂಡ್ಲಾದ ಒಂದು ಎಲೆ ತಿರುಗಿಸಿ ನೋಡಿದೆ. ನಾಲಿಗೆಗೆ ತಾಗಿಸಿದರೆ ಉಪ್ಪುಪ್ಪು. ಈ ಗಿಡ ಜಾಸ್ತಿಯಾದ ಉಪ್ಪನ್ನು ಎಲೆಯಿಂದಲೇ ಹೊರಗೆ ಹಾಕುತ್ತದೆ. ಆ ಎಲೆಯೊಳಗೂ ಒಂದು ಗೀಟು. ಪತಂಗದ್ದೇ ಅಂತ ಹೇಳುವ ಹಾಗಿಲ್ಲ, ನೊಣದ ಮರಿಗಳೂ ಹೀಗೆ ಕೊರೆಯುತ್ತವೆ. ಕೊಂಬೆ ಸಮೇತ ತಂದು ಬಾಟಲಿಯಲ್ಲಿಟ್ಟೆ. ಎಂಟನೇ ದಿನ ಹೊರಬಂದದ್ದು ಪತಂಗವೂ ಅಲ್ಲ, ನೊಣವೂ ಅಲ್ಲ. ಎಳ್ಳುಕಾಳಿಗಿಂತ ಸಣ್ಣ ಕಣಜ. ಹುಳವನ್ನು ಸುರಂಗದೊಳಗೇ ತಿಂದು ಮುಗಿಸಿತ್ತು.