ಟಿ.ಸಿ.ಯಲ್ಲಿ ಬರೆಯಬಾರದ ಸಾಲು

18 ವರ್ಷದೊಳಗಿನವರ ಅಪರಾಧ ಪ್ರಕರಣಗಳನ್ನು ವಿಚಾರಿಸುವ ಬಾಲ ನ್ಯಾಯ ಮಂಡಳಿಯ ಮುಂದೆ ಮಕ್ಕಳ ಪರ ವಾದಿಸುವ ನನ್ನ ಬಳಿಗೆ ಪ್ರಕರಣ ಮುಗಿದ ಮೇಲೂ ತಂದೆತಾಯಿಯರು ಬರುತ್ತಲೇ ಇರುತ್ತಾರೆ. ತಪ್ಪು ಸಾಬೀತಾದ ಮಕ್ಕಳನ್ನು ಇರಿಸುವ ವಿಶೇಷ ಗೃಹದಿಂದ ಮರಳಿದ ಮಗನನ್ನು ಐ.ಟಿ.ಐ.ಗೆ ಸೇರಿಸಲು ಹೋದಾಗ, ಯಾರೂ ಕೇಳದಿದ್ದರೂ ಹಳೆಯದನ್ನೆಲ್ಲ ತಾವೇ ಹೇಳಿ, ಸೀಟು ಕೈತಪ್ಪಿದ ಮೇಲೆ ಬರುತ್ತಾರೆ.

ಅವರಿಗೆ ಎಷ್ಟು ಸಲ ಹೇಳಿದರೂ ಸಾಲದು: 2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ, ಈ ಕಾಯ್ದೆಯಡಿ ಇತ್ಯರ್ಥವಾದ ಅಪರಾಧದ ಕಾರಣಕ್ಕೆ ಮಗುವಿಗೆ ಯಾವ ಅನರ್ಹತೆಯೂ ಅಂಟಿಕೊಳ್ಳುವುದಿಲ್ಲ. ಮಗು ತಪ್ಪೇ ಮಾಡಿಲ್ಲವೆಂದು ಇದರ ಅರ್ಥವಲ್ಲ. ತಪ್ಪು ಸಾಬೀತಾಗಿದ್ದರೂ ಅದು ಅವನ ಓದಿಗೆ, ಕೆಲಸಕ್ಕೆ ಅಡ್ಡ ಬರಕೂಡದು ಎಂದರ್ಥ. ಇತ್ಯರ್ಥವಾದ ಪ್ರಕರಣದ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸಬಾರದೆಂದು 74ನೇ ಕಲಮು ಸ್ಪಷ್ಟವಾಗಿಯೇ ಹೇಳುತ್ತದೆ. ಪೊಲೀಸರೇ ಹೇಳಬಾರದ್ದನ್ನು ಹೆತ್ತವರು ಏಕೆ ಹೇಳಬೇಕು? ಆದರೆ 16 ವರ್ಷ ತುಂಬಿದ ಮೇಲೆ ಘೋರ ಅಪರಾಧವೆಸಗಿ, ಮಕ್ಕಳ ನ್ಯಾಯಾಲಯದಲ್ಲಿ ವಯಸ್ಕರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರೆಂದು ತೀರ್ಮಾನವಾದವರಿಗೆ ಈ ರಕ್ಷಣೆ ಇಲ್ಲ. ಹಾಗಾಗಿ ಆದೇಶವನ್ನು ಓದದೆ ನಾನು ಯಾರಿಗೂ ಭರವಸೆ ಕೊಡುವುದಿಲ್ಲ.

ಹೆತ್ತವರಿಗಿಂತ ನನ್ನನ್ನು ಹೆಚ್ಚು ಕಾಡುವವರು ಒಳ್ಳೆಯ ಮನಸ್ಸಿನ ಮೇಷ್ಟ್ರುಗಳು. ಮೊಬೈಲ್ ಕಳವಿನ ಪ್ರಕರಣದಲ್ಲಿ ವಿಚಾರಣೆಯ ಅವಧಿಯಲ್ಲಿ ಮಕ್ಕಳನ್ನು ಇರಿಸುವ ವೀಕ್ಷಣಾಲಯಕ್ಕೆ ಹೋಗಿ ಬಂದ ಹುಡುಗನೊಬ್ಬನ ಟಿ.ಸಿ.ಯಲ್ಲಿ ಮುಖ್ಯೋಪಾಧ್ಯಾಯರು ‘ಪ್ರಕರಣವೊಂದರಲ್ಲಿ ಸಿಲುಕಿದ್ದನು, ಈಗ ಸಂಪೂರ್ಣ ಸುಧಾರಿಸಿದ್ದಾನೆ’ ಎಂದು ಬರೆದಿದ್ದರು. ಶಾಲೆ ಬಿಟ್ಟ ಮೇಲೆ ಅವನನ್ನು ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟವರೂ ಅವರೇ, ಅವರ ಪ್ರೀತಿಯಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಸಾಲನ್ನು ಓದಿದ ಎರಡು ಕಾಲೇಜಿನವರಿಗೆ ಕಂಡದ್ದು ‘ಪ್ರಕರಣ’ವೊಂದೇ. ಕಾಯ್ದೆಯ ಪುಟವನ್ನು ಮುಂದಿಟ್ಟು ವಿವರಿಸಿದ ಬಳಿಕ ಮುಖ್ಯೋಪಾಧ್ಯಾಯರು ಬೇರೆ ಟಿ.ಸಿ. ಕೊಟ್ಟರು, ಹುಡುಗ ಈಗ ಎಲೆಕ್ಟ್ರಿಷಿಯನ್ ತರಬೇತಿಯಲ್ಲಿದ್ದಾನೆ.

ಹಾಗೆಂದು ಸರ್ಕಾರಿ ಅರ್ಜಿಯಲ್ಲಿ ನೇರವಾಗಿ ಕೇಳಿದ ಪ್ರಶ್ನೆಗೆ ಮನಸ್ಸಿಗೆ ಬಂದದ್ದನ್ನು ಬರೆಯುವುದೂ ಸರಿಯಲ್ಲ, ಮೊದಲು ವಕೀಲರನ್ನು ಕೇಳಿ. ಬಾಲ್ಯದ ಪ್ರಕರಣದ ಕಾರಣ ಅಭ್ಯರ್ಥಿಗೆ ನೌಕರಿ ನಿರಾಕರಿಸಿದ್ದನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಒಪ್ಪಿಲ್ಲ ಎಂಬುದೂ ನೆನಪಿರಲಿ.

ಪ್ರಕರಣ ಮುಗಿದ ದಿನವೇ ಮಂಡಳಿಯ ಆದೇಶದ ಪ್ರತಿಯನ್ನು ಪಡೆದು, ದಾಖಲೆ ನಾಶಪಡಿಸುವ ಬಗ್ಗೆ ಪೊಲೀಸರಿಗೆ ನಿರ್ದೇಶನವಿದೆಯೇ ಎಂದು ನೋಡಿಕೊಳ್ಳಿ; ಇಲ್ಲದಿದ್ದರೆ ಅರ್ಜಿ ಹಾಕಿ. 2016ರ ಕೇಂದ್ರದ ಮಾದರಿ ನಿಯಮಗಳಂತೆ ಆ ದಾಖಲೆಯನ್ನು ಮೇಲ್ಮನವಿಯ ಅವಧಿ ಮುಗಿಯುವವರೆಗೆ ಅಥವಾ 7 ವರ್ಷಗಳವರೆಗೆ ಇಡಬಹುದೇ ಹೊರತು ಅದಕ್ಕಿಂತ ಹೆಚ್ಚು ಕಾಲವಲ್ಲ.