ಮೃಗಾಲಯದ ತೋಳಗಳಿಗೆ ಕಜ್ಜಿ: ಎರಡನೇ ಡೋಸ್ ಯಾಕೆ ಬೇಕು

ಕಜ್ಜಿಗೆ ಔಷಧಿ ಯಾವುದು ಅಂತ ಪರೀಕ್ಷೆಯಲ್ಲಿ ಕೇಳಿದರೆ ಎಲ್ಲರೂ ಐವರ್ಮೆಕ್ಟಿನ್ ಅಂತ ಬರೆಯುತ್ತೇವೆ. ಉತ್ತರ ಸರಿಯೇ. ಮೃಗಾಲಯದಲ್ಲಿ ಕಷ್ಟವಾಗುವುದು ಅದನ್ನು ಗುಂಪಿನ ಪ್ರತಿ ಪ್ರಾಣಿಗೂ ಸರಿಯಾದ ದಿನ ಮುಟ್ಟಿಸುವುದು. ತೋಳದ ಗುಂಪನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

ಕಜ್ಜಿ ತರುವ ಸಾರ್ಕಾಪ್ಟಿಸ್ ಎಂಬ ನುಸಿಯ ಹೆಣ್ಣು ಚರ್ಮದ ಮೇಲ್ಪದರ ಕೊರೆದು ಒಳಗೆ ಮೊಟ್ಟೆ ಇಡುತ್ತದೆ. 3–4 ದಿನಕ್ಕೆ ಮರಿ ಹೊರಬರುತ್ತದೆ, ಬೆಳೆಯಲು ಒಟ್ಟು 2–3 ವಾರ ಬೇಕು. ಐವರ್ಮೆಕ್ಟಿನ್ ನುಸಿಯನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಅದಕ್ಕೇ ಸುಮಾರು 14 ದಿನದ ನಂತರ ಮತ್ತೆ ಕೊಡಬೇಕು. ತುರಿಕೆ ಕಡಿಮೆಯಾಯಿತು ಅಂತ ಇದನ್ನು ಬಿಟ್ಟರೆ, ಮೊಟ್ಟೆಯಿಂದ ಬಂದವು ಬೆಳೆದು ರೋಗ ಮರಳುತ್ತದೆ. ಎಷ್ಟೋ ಸಲ ಮೂರನೇ ಡೋಸೂ ಬೇಕಾಗುತ್ತದೆ.

ಕಿವಿಯಂಚು, ಮೊಣಕೈ, ಹೊಟ್ಟೆಯ ಕೆಳಭಾಗ ಮೊದಲು ನೋಡಿ. ಚರ್ಮವನ್ನು ಸ್ವಲ್ಪ ರಕ್ತ ಜಿನುಗುವವರೆಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ಹುಡುಕಬೇಕು. ಒಂದು ನುಸಿಯೂ ಸಿಗದಿದ್ದರೆ ಕಜ್ಜಿ ಇಲ್ಲ ಅಂತ ತೀರ್ಮಾನಿಸಬೇಡಿ. ಲಕ್ಷಣ ಹೊಂದುತ್ತಿದ್ದರೆ ಚಿಕಿತ್ಸೆ ಶುರು ಮಾಡುವುದೇ ಒಳ್ಳೆಯದು.

ಲೆಕ್ಕ ಸುಲಭ. ಕೆಜಿಗೆ 0.2 ಮಿಲಿಗ್ರಾಂ, ಚರ್ಮದಡಿ ಚುಚ್ಚುಮದ್ದು. 20 ಕೆಜಿ ತೋಳಕ್ಕೆ 4 ಮಿಲಿಗ್ರಾಂ, ಅಂದರೆ 1% ದ್ರಾವಣ (ಮಿಲಿಗೆ 10 ಮಿಲಿಗ್ರಾಂ) 0.4 ಮಿಲಿ. ತೂಕವನ್ನು ಸುಮ್ನೆ ಅಂದಾಜು ಮಾಡಬೇಡಿ. ತೋಳದ ಡೋಸನ್ನು ಕಣ್ಣುಮುಚ್ಚಿ ಬೇರೆ ಪ್ರಾಣಿಗೂ ಹಾಕಬೇಡಿ. ವಾಡಿಕೆಯ ಡೋಸ್ ಪಡೆದ ಸಿಂಹಗಳು ತೂರಾಡಿದ, ಜೊಲ್ಲು ಸುರಿಸಿದ ವರದಿಗಳಿವೆ.

ಇನ್ನು ಕೊಡುವುದು ಹೇಗೆ? ಮಾಂಸದಲ್ಲಿಟ್ಟರೆ ಗುಂಪಿನ ಜೋರಿನ ತೋಳ ಎರಡು ಪಾಲು ತಿನ್ನುತ್ತದೆ, ಬಡಪಾಯಿಗೆ ಏನೂ ಸಿಗುವುದಿಲ್ಲ. ಕಜ್ಜಿ ಜಾಸ್ತಿ ಇರುವುದೂ ಆ ಬಡಪಾಯಿಗೇ ಆಗಿರಬಹುದು, ಅಲ್ವಾ? ಹಾಗಾಗಿ ಒಂದೊಂದನ್ನೇ ರಾತ್ರಿ ಕೋಣೆಗೆ ಬೇರ್ಪಡಿಸಿ ತಿನ್ನಿಸಬೇಕು, ಇಲ್ಲವೇ ಸ್ಕ್ವೀಜ್ ಕೇಜ್‌ನಲ್ಲಿ (ಪ್ರಾಣಿ ಅಲುಗಾಡದಂತೆ ಒತ್ತಿ ಹಿಡಿಯುವ ಬೋನು) ಚುಚ್ಚಬೇಕು. ಅರಿವಳಿಕೆ ಕೊಡಲೇಬೇಕಾದರೆ ತೂಕ, ಚರ್ಮದ ಮಾದರಿ, ಚುಚ್ಚುಮದ್ದು ಮೂರನ್ನೂ ಅದೇ ಹೊತ್ತಿನಲ್ಲಿ ಮುಗಿಸಿ. ಮತ್ತೆ ಮತ್ತೆ ಮಲಗಿಸುವುದು ಪ್ರಾಣಿಗೆ ಹಿಂಸೆ. ನಾಯಿಗಳಿಗೆ ಬಳಸುವ ಫ್ಲುರಲೇನರ್ ಎಂಬ ಔಷಧಿ ಈ ಕಷ್ಟವನ್ನು ಇಳಿಸಬಹುದು, ಏಕೆಂದರೆ ಅದರ ಪರಿಣಾಮ ವಾರಗಟ್ಟಲೆ ಉಳಿಯುತ್ತದೆ. ಆಸ್ಟ್ರೇಲಿಯಾದಲ್ಲಿ ವೊಂಬ್ಯಾಟ್ ಎಂಬ ಬಿಲ ತೋಡುವ ಪ್ರಾಣಿಗಳ ಚರ್ಮದ ಮೇಲೆ ಸುರಿದು ಇದನ್ನು ಬಳಸಿದ್ದಾರೆ.

ಮೈಬಿಟ್ಟ ನುಸಿ ಬೆಚ್ಚಗಿನ ಒಣ ಜಾಗದಲ್ಲಿ ಒಂದೆರಡು ದಿನ ಬದುಕುತ್ತದೆ. ತಂಪು, ತೇವ ಇದ್ದರೆ ಎರಡು ವಾರ ದಾಟಿಯೂ ಉಳಿಯಬಹುದು. ಆದ್ದರಿಂದ ಪ್ರತಿ ಡೋಸಿನ ದಿನವೇ ಕೋಣೆಯಲ್ಲಿ ಹಾಸಿದ ಹುಲ್ಲನ್ನು ತೆಗೆದು ಸುಡಿಸಿ, ಕೋಣೆ ತೊಳೆದು ಚೆನ್ನಾಗಿ ಒಣಗಿಸಿ. ಕೀಪರ್‌ಗೆ ಕೈಗವಸು, ಬೇರೆ ಬಟ್ಟೆ ಕೊಡಿಸಿ. ಅವರಿಗೂ ತುರಿಕೆ ಬಂದಿದೆಯಾ ಅಂತ ಕೇಳಿ, ಬಂದಿದ್ದರೆ ವೈದ್ಯರ ಹತ್ತಿರ ಕಳಿಸಿ.